ನೀರಿನಲ್ಲಿ ನಿಂತೂ ಬಾಯಾರುವ ಹೂ

ಆರತಕ್ಷತೆಯಲ್ಲಿ ಬಂದ ಗುಲಾಬಿ ಬೊಕೆಯನ್ನು ಬಿಚ್ಚಿ ಹೂದಾನಿಯಲ್ಲಿಟ್ಟ ಮೂರನೇ ಬೆಳಗ್ಗೆ ಬಹಳ ಮನೆಗಳಲ್ಲಿ ಕಾಣುವ ನೋಟ ಒಂದೇ: ಹೂಗಳು ಕತ್ತು ಬಗ್ಗಿಸಿ ನಿಂತಿರುತ್ತವೆ. ಎಸಳು ಉದುರಿರುವುದಿಲ್ಲ, ಬಣ್ಣ ಮಾಸಿರುವುದಿಲ್ಲ, ಹೂದಾನಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೂ ಇರುತ್ತದೆ. ‘ಕಿತ್ತ ಹೂವಿನ ಆಯಸ್ಸೇ ಅಷ್ಟು’ ಎಂದುಕೊಂಡು ಕಸದ ಬುಟ್ಟಿಗೆ ಹಾಕುತ್ತೇವೆ. ಆದರೆ ಅಂಥದೊಂದು ಗುಲಾಬಿಯ ದಂಟನ್ನು ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ಕುತ್ತಿಗೆಯವರೆಗೂ ಮುಳುಗಿಸಿಟ್ಟರೆ ಕೆಲವೇ ಗಂಟೆಗಳಲ್ಲಿ ಅದು ಎಷ್ಟೋ ಸಲ ಮತ್ತೆ ತಲೆಯೆತ್ತುತ್ತದೆ. ಮುಪ್ಪಿನಿಂದ ಬಿದ್ದದ್ದು ಹೀಗೆ ಏಳುವುದಿಲ್ಲ. ಗುಲಾಬಿಯಂಥ ಹೂಗಳು ಹೂದಾನಿಯಲ್ಲಿ ಬೇಗ ಸೋಲುವುದು ಹೆಚ್ಚಾಗಿ ಬಾಯಾರಿಕೆಗೆ, ಅದೂ ನೀರಿನಲ್ಲಿ ನಿಂತುಕೊಂಡೇ. ಹೂಗಳ ಬಾಳಿಕೆ ಹೆಚ್ಚಿಸುವ ಪುಡಿ, ದ್ರಾವಣ, ಮನೆಮದ್ದುಗಳಲ್ಲಿ ಯಾವುದು ಕೆಲಸಕ್ಕೆ ಬಂದೀತು, ಯಾವುದು ಬರೀ ನಂಬಿಕೆ ಎಂದು ಅಳೆಯುವುದಕ್ಕೆ ಈ ಒಂದು ಸಂಗತಿಯೇ ಸಾಕು.

ದಂಟಿನೊಳಗೆ ಕೂದಲಿಗಿಂತ ಸಪೂರವಾದ ನೂರಾರು ಕೊಳವೆಗಳಿವೆ. ಎಲೆ ಮತ್ತು ಎಸಳುಗಳಿಂದ ತೇವ ಆರಿದಂತೆಲ್ಲ ಈ ಕೊಳವೆಗಳು ಕೆಳಗಿನಿಂದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಗಿಡದಿಂದ ಕತ್ತರಿಸಿದ ಕ್ಷಣವೇ ತುದಿಯಲ್ಲಿ ಗಾಳಿ ಒಳಸೇರಿ, ಗುಳ್ಳೆಯಾಗಿ ದಾರಿಗಡ್ಡ ನಿಲ್ಲಬಹುದು. ಆಮೇಲಿನ ಕೆಲಸ ಬ್ಯಾಕ್ಟೀರಿಯಾಗಳದ್ದು. ಕತ್ತರಿಸಿದ ಗಾಯದಿಂದ ಸಕ್ಕರೆ ಮತ್ತು ಜೀವರಸ ನೀರಿಗೆ ಒಸರುತ್ತವೆ. ನೀರಿನೊಳಗೆ ಮುಳುಗಿದ ಎಲೆ ಕೊಳೆಯುತ್ತದೆ. ಎರಡೂ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಎರಡು ದಿನ ನೀರು ಬದಲಿಸದ ಹೂದಾನಿಯಿಂದ ಒಂದು ದಂಟನ್ನೆತ್ತಿ ಬುಡವನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಲೋಳೆ ಲೋಳೆಯಾಗಿ ಜಾರುತ್ತದೆ. ಆ ಲೋಳೆಯೇ ಕೊಳವೆಗಳ ಬಾಯಿಗೆ ಬಿದ್ದ ಬಿರಡೆ. ಹೂವಿಗೆ ಸ್ವಲ್ಪ ಕೆಳಗಿನ ಭಾಗ ಇನ್ನೂ ಎಳೆಯದಾಗಿ, ನೀರಿನ ಬಿಗುವಿನಿಂದಷ್ಟೇ ನೆಟ್ಟಗಿರುವುದರಿಂದ ಬರಗಾಲ ಮೊದಲು ತಟ್ಟುವುದು ಅಲ್ಲಿಗೆ. ಕತ್ತು ಬಾಗುವುದರ ಹಿಂದಿನ ಕಥೆ ಇಷ್ಟೇ.

ಹೂವಿನ ಅಂಗಡಿಯಲ್ಲಿ ಸಿಗುವ ಪುಟ್ಟ ಸ್ಯಾಶೆಯಲ್ಲಿ ಇದಕ್ಕೆ ತಕ್ಕ ಮೂರು ವಸ್ತುಗಳಿರುತ್ತವೆ: ಒಂದು ಆಮ್ಲ, ಒಂದು ಕ್ರಿಮಿನಾಶಕ, ಒಂದಿಷ್ಟು ಸಕ್ಕರೆ. ಆಮ್ಲವೆಂದರೆ ಸಾಮಾನ್ಯವಾಗಿ ನಿಂಬೆಹುಳಿಯ ಸಿಟ್ರಿಕ್ ಆಮ್ಲ. ಅದು ನೀರಿನ ಪಿಎಚ್ ಅನ್ನು 3.5ರಿಂದ 5ರೊಳಗೆ ಇಳಿಸುತ್ತದೆ. ಹುಳಿ ನೀರು ದಂಟಿನಲ್ಲಿ ಸಲೀಸಾಗಿ ಏರುತ್ತದೆ, ಬ್ಯಾಕ್ಟೀರಿಯಾಗಳೂ ಅಲ್ಲಿ ನಿಧಾನಕ್ಕೆ ಬೆಳೆಯುತ್ತವೆ. ಬೆಂಗಳೂರಿನ ಹಲವು ಬಡಾವಣೆಗಳ ಬೋರ್‌ವೆಲ್ ನೀರಿನಂತೆ ಗಡಸಾದ, ಕ್ಷಾರದ ನೀರಿಗೆ ಈ ಹುಳಿಯ ಅಗತ್ಯ ಇನ್ನೂ ಹೆಚ್ಚು. ಕ್ರಿಮಿನಾಶಕದ ಕೆಲಸವನ್ನು ಹೆಸರೇ ಹೇಳುತ್ತದೆ. ಸಕ್ಕರೆ ಬೇಕಾಗುವುದು ಹೂವಿನ ಉಸಿರಾಟಕ್ಕೆ, ಮೊಗ್ಗು ಅರಳುವುದಕ್ಕೆ. ಗಿಡದ ಮೇಲಿದ್ದಾಗ ಎಲೆಗಳು ಒದಗಿಸುತ್ತಿದ್ದ ಆಹಾರ ಮನೆಯ ಮಂದ ಬೆಳಕಿನಲ್ಲಿ ತಯಾರಾಗುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಸುವಾಸಿನಿಯಂಥ ಸುತ್ತು ಸುಗಂಧರಾಜವನ್ನು ಗಮನಿಸಿ: ಬುಡದ ಹೂಗಳು ಅರಳುತ್ತವೆ, ತುದಿಯ ಮೊಗ್ಗುಗಳು ಬಾಯಿ ಬಿಡದೆಯೇ ಉದುರುತ್ತವೆ. ನೀರಿನಲ್ಲಿ ಶೇ 1ರಿಂದ 2ರಷ್ಟು ಸಕ್ಕರೆಯಿದ್ದರೆ ಆ ಮೊಗ್ಗುಗಳಲ್ಲಿ ಇನ್ನೂ ಕೆಲವು ಅರಳುತ್ತವೆ.

ಈ ಮೂರರಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳುವುದರಿಂದಲೇ ನಮ್ಮ ಮನೆಮದ್ದುಗಳು ಕೈಕೊಡುತ್ತವೆ. ಬರೀ ಸಕ್ಕರೆ ಹಾಕಿದ ನೀರು ಬರೀ ನೀರಿಗಿಂತಲೂ ಕೆಡುಕು. ಊಟ ಬಡಿಸಿದ್ದು ಹೂವಿಗಾದರೂ ಮೊದಲ ಪಂಕ್ತಿಯಲ್ಲಿ ಕೂರುವುದು ಬ್ಯಾಕ್ಟೀರಿಯಾ. ಆಸ್ಪಿರಿನ್ ಮಾತ್ರೆ ನೀರನ್ನು ತುಸು ಹುಳಿಯಾಗಿಸುತ್ತದೆ, ಅಷ್ಟೇ. ಸಕ್ಕರೆಯ ಕೊರತೆಯನ್ನು ಅದು ತುಂಬಲಾರದು, ಬ್ಯಾಕ್ಟೀರಿಯಾದ ಮೇಲೂ ಅದರ ಹಿಡಿತ ದುರ್ಬಲ. ತಾಮ್ರದ ಕಾಸು ಹಾಕಬೇಕೆಂಬ ಸಲಹೆಯ ಹಿಂದೆ ತಾಮ್ರಕ್ಕೆ ಕ್ರಿಮಿ ಕೊಲ್ಲುವ ಗುಣವಿದೆಯೆಂಬ ನಿಜವಿದೆ. ಆದರೆ ನಾಣ್ಯದಿಂದ ನೀರಿಗೆ ಕರಗುವ ತಾಮ್ರ ತೀರಾ ಅಲ್ಪ, ಮೇಲಾಗಿ ಇವತ್ತಿನ ಒಂದು, ಎರಡು ರೂಪಾಯಿಯ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು. ‘ನಮ್ಮ ಮನೆಯಲ್ಲಿ ಮಾತ್ರೆ ಹಾಕಿದಾಗ ಹೂ ವಾರ ಬಾಳಿತಲ್ಲ?’ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಮಾತ್ರೆ ಹಾಕುವಷ್ಟು ಅಕ್ಕರೆ ಇರುವವರು ಹೂದಾನಿಯನ್ನೂ ತೊಳೆದಿರುತ್ತಾರೆ, ದಂಟನ್ನೂ ಹೊಸದಾಗಿ ಕತ್ತರಿಸಿರುತ್ತಾರೆ. ಒಂದೇ ದಿನ ಕೊಯ್ದ ಹೂಗಳನ್ನು ಒಂದೇ ಥರದ ಎರಡು ಹೂದಾನಿಗಳಲ್ಲಿ, ಮಾತ್ರೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಸಮನಾಗಿಟ್ಟು ನೋಡುವವರೆಗೆ ಕೀರ್ತಿ ಮಾತ್ರೆಗೆ ಸಲ್ಲಬೇಕೋ ತೊಳೆದ ಕೈಗೋ ಎಂದು ಹೇಳಲಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಎಲ್ಲ ಹೂವೂ ಬಾಯಾರಿಕೆಯಿಂದಲೇ ಸಾಯುವುದಿಲ್ಲವಲ್ಲ? ಸಾಯುವುದಿಲ್ಲ, ನಿಜ. ಕಾರ್ನೇಷನ್ ಹೂವನ್ನು ಮುಗಿಸುವುದು ಎಥಿಲೀನ್ ಎಂಬ ಅನಿಲ. ಬಾಳೆ, ಮಾವು, ಸೇಬನ್ನು ಹಣ್ಣಾಗಿಸುವ ಅದೇ ಅನಿಲ. ಅದು ತಾಗಿದರೆ ಕಾರ್ನೇಷನ್ನಿನ ಎಸಳುಗಳು ನಿದ್ದೆಗೆ ಜಾರಿದಂತೆ ಒಳಕ್ಕೆ ಮುದುಡಿಕೊಳ್ಳುತ್ತವೆ. ಬೆಳ್ಳಿಯ ಅಯಾನುಗಳು ಎಥಿಲೀನಿನ ಆಟವನ್ನು ತಡೆಯುತ್ತವೆಂದು ಅಮೆರಿಕದ ವಿಜ್ಞಾನಿ ಬೇಯರ್ 1976ರಲ್ಲಿ ತೋರಿಸಿದರು. ಸಾಮಾನ್ಯ ಬೆಳ್ಳಿ ಲವಣ ದಂಟಿನಲ್ಲಿ ಮೇಲೇರದೆ ಬುಡದಲ್ಲೇ ಅಂಟಿ ಕೂರುತ್ತಿತ್ತು. 1978ರಲ್ಲಿ ನೆದರ್‌ಲೆಂಡ್ಸ್‌ನ ವೀನ್ ಮತ್ತು ವಾನ್ ಡಿ ಗೇನ್ ಅದನ್ನು ಥಯೋಸಲ್ಫೇಟ್ ಜೊತೆ ಬೆರೆಸಿದಾಗ ಬೆಳ್ಳಿ ಸರಾಗವಾಗಿ ಹೂವನ್ನು ಮುಟ್ಟಿತು, ಕಾರ್ನೇಷನ್ನಿನ ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೆ ಇದು ಬೆಳೆಗಾರರ ಮಟ್ಟದಲ್ಲಿ, ಕೊಯ್ದೊಡನೆ ನಡೆಯಬೇಕಾದ ಚಿಕಿತ್ಸೆ. ಬೆಳ್ಳಿ ಭಾರಲೋಹವಾದ್ದರಿಂದ ಉಳಿದ ದ್ರಾವಣವನ್ನು ಚರಂಡಿಗೆ ಸುರಿಯುವಂತಿಲ್ಲ. ಮನೆಯಲ್ಲಿ ನಾವು ಮಾಡಬಹುದಾದದ್ದು ಹೂದಾನಿಯನ್ನು ಹಣ್ಣಿನ ಬುಟ್ಟಿಯಿಂದ ದೂರ ಇಡುವುದು. ಇಲ್ಲಿಂದ ತಿಳಿಯುವುದು ಇಷ್ಟು: ಒಂದೇ ಪುಡಿ ಎಲ್ಲ ಹೂವಿಗೂ ಸಂಜೀವಿನಿಯಾಗದು. ಆದರೂ ಕಾರ್ನೇಷನ್ನಿಗೂ ನೀರಿನ ದಾರಿ ತೆರೆದಿರಲೇಬೇಕು.

ರಾಸಾಯನಿಕ ಎಂದೊಡನೆ ಹಿಂಜರಿಯುವವರಿಗೆ, ಸ್ಯಾಶೆ ಸಿಗದ ಊರುಗಳವರಿಗೆ ಅಡುಗೆಮನೆಯಲ್ಲೇ ದಾರಿಯಿದೆ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ಸೋಸಿದ ನಿಂಬೆರಸ ಹಾಕಿ ಕಲಕಿ, ಕೊನೆಗೆ ಬಟ್ಟೆಗೆ ಬಳಸುವ ಸಾದಾ ದ್ರವ ಬ್ಲೀಚ್ ಕಾಲು ಟೀ ಚಮಚ ಸೇರಿಸಿದರೆ ಮೂರೂ ಕೂಡಿದಂತಾಯಿತು. ಮುಖ್ಯ ಎಚ್ಚರಿಕೆ: ಬ್ಲೀಚ್ ಮತ್ತು ನಿಂಬೆರಸವನ್ನು ನೀರಿಲ್ಲದೆ ನೇರವಾಗಿ ಬೆರೆಸಕೂಡದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಅಳತೆ ಮೀರಿದರೆ ದಂಟು, ಎಲೆ ಸುಟ್ಟಂತಾಗುತ್ತವೆ. ಬ್ಲೀಚಿನ ಕಸುವು ಬೇಗ ಇಳಿಯುವುದರಿಂದ ಎರಡು ದಿನಕ್ಕೊಮ್ಮೆ ದ್ರಾವಣ ಬದಲಿಸಬೇಕು. ಹೂದಾನಿಯ ನೀರು ಮಕ್ಕಳ, ಸಾಕುಪ್ರಾಣಿಗಳ ಬಾಯಿಗೆ ಹೋಗಬಾರದು. ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಬಳಸಿ ಮೆದುಗೊಳಿಸಿದ ನೀರು ಗುಲಾಬಿ, ಕಾರ್ನೇಷನ್‌ಗೆ ಒಳ್ಳೆಯದಲ್ಲ, ಅದರಲ್ಲಿ ಸೋಡಿಯಂ ಹೆಚ್ಚು. ಆರ್‌ಒ ನೀರು ವಾಸಿ.

ದ್ರಾವಣದಿಂದ ಆಗದ ಕೆಲಸಗಳನ್ನೂ ಹೇಳಿಬಿಡಬೇಕು. ದೊಡ್ಡಬಳ್ಳಾಪುರದ ಕಡೆಯ ಪಾಲಿಹೌಸಿನಲ್ಲಿ ಕೊಯ್ದ ಗುಲಾಬಿ ಹೆಬ್ಬಾಳದ ಹೂ ಹರಾಜು ಕೇಂದ್ರ ದಾಟಿ ನಮ್ಮ ಕೈ ಸೇರುವ ಹೊತ್ತಿಗೆ ಬಿಸಿಲಲ್ಲಿ ಎಷ್ಟು ಬಳಲಿತೋ ಅಷ್ಟು ಆಯಸ್ಸು ಹೋದಂತೆಯೇ. ತಾಪ ಏರಿದಷ್ಟೂ ಹೂವಿನ ಉಸಿರಾಟ ಜೋರಾಗುತ್ತದೆ, ಕೂಡಿಟ್ಟ ಸಕ್ಕರೆ ಬೇಗ ಕರಗುತ್ತದೆ. ವ್ಯಾಪಾರಿಗಳು ಗುಲಾಬಿಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಲು ಒದ್ದಾಡುವುದು ಅದಕ್ಕೇ. ದಂಟೇ ಇಲ್ಲದ ಬಿಡಿ ಹೂವಿಗೆ ಈ ದ್ರಾವಣ ಉಪಯೋಗವಿಲ್ಲ. ಮಲ್ಲಿಗೆಯನ್ನು ಬಾಳೆಎಲೆಯಲ್ಲಿ ಸುತ್ತಿ ತಣ್ಣಗಿಡುವ ನಮ್ಮ ಹಳೆಯ ಪದ್ಧತಿ ತೇವ ಆರದಂತೆ ಕಾಯುತ್ತದೆ, ಅದಕ್ಕೆ ಅದೇ ಸರಿಯಾದ ವಿಜ್ಞಾನ.

ಬಾಡುವುದೇ ಹೂವಿನ ಸ್ವಭಾವ, ಅದಕ್ಕೇಕೆ ಇಷ್ಟೆಲ್ಲ ಎಂದು ಕೇಳಬಹುದು. ಸ್ವಭಾವದಿಂದ ಬಾಡುವುದನ್ನು ಯಾರೂ ತಡೆಯಲಾರರು. ಆದರೆ ವಾರ ಬಾಳಬೇಕಾದ ಹೂ ಲೋಳೆ ಕಟ್ಟಿದ ದಂಟಿನಿಂದಾಗಿ ಮೂರೇ ದಿನಕ್ಕೆ ಬಾಗಿದರೆ ಅದು ಅದರ ಸ್ವಭಾವವಲ್ಲ, ನಮ್ಮ ಅಲಕ್ಷ್ಯ. ಬೆಳೆಗಾರನ ಶ್ರಮ, ಅದಕ್ಕೆ ಹರಿಸಿದ ನೀರು ಎಲ್ಲವೂ ಅಷ್ಟರಮಟ್ಟಿಗೆ ಪೋಲು. ಆದ್ದರಿಂದ ಮುಂದಿನ ಸಲ ಹೂ ಮನೆಗೆ ಬಂದಾಗ ಪುಡಿ, ಮಾತ್ರೆ ಹುಡುಕುವ ಮೊದಲು ಹೂದಾನಿಯನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ, ನೀರಿಗೆ ತಾಗುವ ಎಲೆಗಳನ್ನು ತೆಗೆಯಿರಿ, ಹರಿತವಾದ ಚಾಕುವಿನಿಂದ ದಂಟನ್ನು ಓರೆಯಾಗಿ ಕತ್ತರಿಸಿ. ದ್ರಾವಣದ ಸರದಿ ಆಮೇಲೆ.