ಮುಕ್ತ ತಂತ್ರಾಂಶವೂ ಕನ್ನಡದ ಅಕ್ಷರವೂ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿರುವ ಚಾಕಣವು ಇತಿಹಾಸಜ್ಞರಿಗೆ ಸಂಗ್ರಾಮದುರ್ಗದಿಂದಲೂ ವರ್ತಕರಿಗೆ ಈರುಳ್ಳಿಯ ಪೇಟೆಯಿಂದಲೂ ಪರಿಚಿತವಾದ ಊರು. ೧೬೬೦ರಲ್ಲಿ ಫಿರಂಗೋಜಿ ನರಸಾಳಾ ಎಂಬ ಕೋಟೆಗಾರನು ಶಾಯಿಸ್ತಾಖಾನನ ಸೈನ್ಯವನ್ನು ಇಲ್ಲಿ ವಾರಗಟ್ಟಲೆ ತಡೆದು ನಿಲ್ಲಿಸಿದನು. ಈಗ ಆ ಸೀಮೆಯ ಹೆಸರು ವಾಹನಗಳ ಕಾರ್ಖಾನೆಗಳೊಡನೆ ಸೇರಿಹೋಗಿದೆ. ಅಲ್ಲಿಯ ಯಾವುದೇ ಸಣ್ಣ ಕಾರ್ಯಾಗಾರದಲ್ಲಿ ತಯಾರಾದ ಎಂಟು ಮಿಲಿಮೀಟರಿನ ಬೋಲ್ಟು ಮತ್ತೊಂದು ಕಾರ್ಖಾನೆಯ ನಟ್ಟಿಗೆ ಸರಿಯಾಗಿ ಕೂಡುತ್ತದೆ. ಅದರ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ನಡುವಣ ಅಂತರವು ಸಾಮಾನ್ಯವಾಗಿ ೧.೨೫ ಮಿಲಿಮೀಟರು ಎಂಬುದು ಯಾರೊಬ್ಬರ ಗುಟ್ಟೂ ಅಲ್ಲ. ೧೮೪೧ರಲ್ಲಿ ಜೋಸೆಫ್ ವಿಟ್‌ವರ್ತನು ಇಂಗ್ಲೆಂಡಿನಲ್ಲಿ ಏಕರೂಪದ ಅಳತೆಯನ್ನು ಸೂಚಿಸುವ ತನಕ ಒಂದೊಂದು ಕಾರ್ಯಾಗಾರಕ್ಕೂ ತನ್ನದೇ ಥ್ರೆಡ್ಡು ಇತ್ತು. ಬೋಲ್ಟು ಮುರಿದರೆ ಮಾಡಿದವನ ಬಾಗಿಲಿಗೇ ಹೋಗಬೇಕಾಗುತ್ತಿತ್ತು.

ಗಣಕಯಂತ್ರದ ಲೋಕದಲ್ಲಿ ಇದೇ ಪ್ರಶ್ನೆ ಇನ್ನೂ ಜಟಿಲವಾದ ರೂಪದಲ್ಲಿ ಎದ್ದಿತು. ತಂತ್ರಾಂಶವನ್ನು ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ; ಅದು ಮೂಲಸಂಕೇತ. ಅದನ್ನು ಯಂತ್ರವು ಮಾತ್ರ ನಡೆಸಬಲ್ಲ ಅಂಕೆಗಳ ರಾಶಿಯನ್ನಾಗಿ ಪರಿವರ್ತಿಸಿ ಮಾರಿದರೆ, ಕೊಂಡವನು ಬಳಸಬಹುದೇ ಹೊರತು ಒಳಗೇನಿದೆ ಎಂದು ಅರಿಯಲಾರ, ತಿದ್ದಲಾರ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿದುದು ಈ ನಿರ್ಬಂಧದ ವಿರುದ್ಧವಾಗಿ. ೧೯೮೯ರಲ್ಲಿ ಹೊರಬಂದ ಅವರ ಸಾರ್ವಜನಿಕ ಅನುಜ್ಞಾಪತ್ರವು, ಅಂದರೆ ಜಿಪಿಎಲ್, ಗ್ರಂಥಸ್ವಾಮ್ಯದ ಕಾನೂನನ್ನೇ ತಿರುಗಿಸಿ ಬಳಸಿಕೊಂಡಿತು: ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚುವವನು ಪಡೆದವರಿಗೂ ಅದೇ ಹಕ್ಕುಗಳನ್ನು ಕೊಡತಕ್ಕದ್ದು. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಪ್ರಕಟಿಸಿದ ಲಿನಕ್ಸ್ ಮರುವರ್ಷ ಈ ಅನುಜ್ಞೆಯಡಿ ಬಂದಿತು. ಇಂದಿನ ಅನೇಕ ವಾಹನಗಳ ಮುಂಬದಿಯ ತೆರೆಯಲ್ಲಿ ಹುಡುಕಿದರೆ ಮೂಲೆಯೊಂದರಲ್ಲಿ ಇಂತಹ ಅನುಜ್ಞೆಗಳ ಉದ್ದನೆಯ ಪಟ್ಟಿ ಕಾಣಸಿಗುತ್ತದೆ. ಅದನ್ನು ಓದುವ ವಾಹನದ ಒಡೆಯರು ವಿರಳರೆನ್ನಬೇಕು.

ಇಲ್ಲಿ ಒಂದು ಪದವಿವೇಕ ಅವಶ್ಯ. ಇಂಗ್ಲಿಷಿನ ‘ಫ್ರೀ’ ಎಂಬ ಮಾತಿಗೆ ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡರ್ಥಗಳುಂಟು. ಆ ದ್ವಂದ್ವವನ್ನು ಬಿಡಿಸಲು ಆ ಭಾಷೆಯವರು ಪುಟಗಟ್ಟಲೆ ಬರೆದಿದ್ದಾರೆ. ಕನ್ನಡಕ್ಕೆ ಆ ತೊಡಕಿಲ್ಲ. ‘ಉಚಿತ’ವೇ ಬೇರೆ, ‘ಮುಕ್ತ’ವೇ ಬೇರೆ. ಆದರೂ ಕನ್ನಡ ತಂತ್ರಾಂಶದ ಇತಿಹಾಸದಲ್ಲಿ ಇವೆರಡನ್ನೂ ಒಂದೆಂದು ಎಣಿಸಿದವರು ಬಹುಮಂದಿ. ಶೇಷಾದ್ರಿವಾಸು ಚಂದ್ರಶೇಖರನ್ ೧೯೯೮ರಲ್ಲಿ ಹೊರತಂದ ‘ಬರಹ’ವು ವರ್ಷಗಳ ಕಾಲ ಉಚಿತವಾಗಿ ದೊರೆಯಿತು, ಹೊರನಾಡಿನ ಕನ್ನಡಿಗರ ಕೈಗೆ ಕನ್ನಡದ ಬೆರಳಚ್ಚನ್ನು ಕೊಟ್ಟ ಶ್ರೇಯಸ್ಸಿನ ದೊಡ್ಡ ಪಾಲು ಅದಕ್ಕೆ ಸಲ್ಲಬೇಕು. ಆದರೆ ಮೂಲಸಂಕೇತವು ಅದರೊಡನೆ ಬರುತ್ತಿರಲಿಲ್ಲ. ಮುಂದೆ ಅದಕ್ಕೆ ಬೆಲೆಯನ್ನಿಟ್ಟಾಗ ಕರ್ತೃವು ತನ್ನ ನ್ಯಾಯವಾದ ಹಕ್ಕನ್ನು ಚಲಾಯಿಸಿದಂತಾಯಿತಷ್ಟೆ. ಬಳಕೆದಾರರಿಗಂತೂ ಆ ಕೆಲಸವನ್ನು ತಾವೇ ಮುಂದುವರಿಸುವ ಮಾರ್ಗವಿರಲಿಲ್ಲ. ಇದಕ್ಕೆ ಭಿನ್ನವಾದ ಉದಾಹರಣೆ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಧ್ವನಿಯನ್ನು ಅನುಸರಿಸಿ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ‘ಕೆ’, ‘ಎಫ್’, ‘ಎಕ್ಸ್’ ಎಂಬ ಮೂರು ಕೀಲಿಗಳನ್ನು ಒತ್ತಿದರೆ ‘ಕ್ಷ’ ಮೂಡುತ್ತದೆ. ನಡುವಿನದು ಹಲಂತದ ಕೀಲಿ. ಅದನ್ನು ಅವರು ನಿರ್ಬಂಧವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಕರ್ನಾಟಕ ಸರಕಾರವು ಶಿಷ್ಟವೆಂದು ಅಂಗೀಕರಿಸಿದ ವಿನ್ಯಾಸದ ಬುಡದಲ್ಲಿರುವುದು ಅದೇ.

ಕೀಲಿಮಣೆಗಿಂತ ಹೆಚ್ಚಿನ ತೊಡಕು ಇದ್ದುದು ಅಕ್ಷರಗಳನ್ನು ಕೂಡಿಡುವ ಕ್ರಮದಲ್ಲಿ. ಹಳೆಯ ಪದ್ಧತಿಯಲ್ಲಿ ರೋಮನ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು: ಒಂದರಲ್ಲಿ ಅಕ್ಷರದ ಒಡಲು, ಮತ್ತೊಂದರಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತು. ‘ನುಡಿ’ಯ ಹಳೆಯ ಸಂಕೇತದಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಏಳು ಅನ್ಯಚಿಹ್ನೆಗಳು ಕಾಣುತ್ತವೆ. ಅವುಗಳ ನಡುವೆ ಬ್ರಿಟಿಷರ ಪೌಂಡಿನ ಗುರುತೂ ಒಂದು! ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಅಕಾರಾದಿಯಾಗಿ ಜೋಡಿಸುವುದು ಸುಲಭವಲ್ಲ; ಫಾಂಟು ಕಳೆದುಹೋದರೆ ಬರೆಹವೂ ಕಳೆದುಹೋದಂತೆಯೇ. ವಿಟ್‌ವರ್ತನಿಗೆ ಹಿಂದಿನ ಬೋಲ್ಟಿನ ಕಥೆಯೇ ಇದು. ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಬೆಳೆಸಿದ, ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತವೂ, ಅದೇ ವರ್ಷ ಹೊರಬಂದ ಯೂನಿಕೋಡೂ ತುಂಡುಗಳನ್ನು ಬಿಟ್ಟು ವರ್ಣಗಳಿಗೆ ಸಂಖ್ಯೆಯನ್ನು ಕೊಟ್ಟವು. ‘ಕನ್ನಡ’ ಎಂಬುದು ಆಗ ಕ, ನ, ಹಲಂತ, ನ, ಡ ಎಂಬ ಐದು ಸಂಖ್ಯೆಗಳಾಯಿತು. ಅವನ್ನು ಕೂಡಿಸಿ ಒತ್ತಕ್ಷರವನ್ನು ಬರೆಯುವ ಹೊಣೆ ಫಾಂಟಿನದೂ ಅದನ್ನು ನಡೆಸುವ ತಂತ್ರಾಂಶದ್ದೂ ಆಯಿತು.

ಮುಕ್ತ ಸಮುದಾಯದ ಕೆಲಸ ಕನ್ನಡಕ್ಕೆ ಒದಗಿದುದು ಈ ಸ್ಥಳದಲ್ಲಿ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯು ಒದಗಿಸಿದ ಅಕ್ಷರರೂಪಗಳನ್ನು ರೆಡ್ ಹ್ಯಾಟ್ ಕಂಪನಿಯು ‘ಲೋಹಿತ್’ ಎಂಬ ಹೆಸರಿನಿಂದ ೨೦೦೪ರಲ್ಲಿ ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿತು. ೨೦೧೧ರಲ್ಲಿ ಅವು ಫಾಂಟುಗಳಿಗೆಂದೇ ರಚಿತವಾದ ಮತ್ತೊಂದು ಅನುಜ್ಞೆಗೆ ಬದಲಾದವು. ಲೋಹಿತ ಎಂದರೆ ಕೆಂಪು. ಕಂಪನಿಯ ಹೆಸರು ಕೆಂಪು ಟೋಪಿ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡದ ಮುಕ್ತ ಫಾಂಟುಗಳು ಅನಂತರ ಬಂದವು. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವು ಇಂದು ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಮೊದಲಾದವುಗಳ ಒಳಗೆಲ್ಲ ಇದೆ. ಅದರ ಹೆಸರು ಪಾರಸಿಯದು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು.

ಇಂತಹ ಸಮುದಾಯದ ನಡೆವಳಿಕೆಯನ್ನು ಸಂಶೋಧನಾಸಕ್ತರಾದ ಕನ್ನಡಿಗರು ಗ್ರಂಥಸಂಪಾದನೆಯ ಮೂಲಕ ಸುಲಭವಾಗಿ ಗ್ರಹಿಸಬಹುದು. ಓಲೆಗರಿಯ ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ನಮೂದಿಸಿ, ಗ್ರಾಹ್ಯವಾದುದನ್ನು ಆರಿಸುವ ಕೆಲಸ ಅದು. ೨೦೦೫ರಲ್ಲಿ ಟೋರ್ವಾಲ್ಡ್ಸರೇ ರಚಿಸಿದ ಗಿಟ್ ಎಂಬ ಸಾಧನವು ಪ್ರತಿಯೊಂದು ತಿದ್ದುಪಡಿಯನ್ನೂ ಯಾರು, ಎಂದು, ಏತಕ್ಕೆ ಮಾಡಿದರು ಎಂಬ ಒಕ್ಕಣೆಯೊಡನೆ ಕಾಪಾಡುತ್ತದೆ. ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದು. ಅಂಗೀಕರಿಸುವ ಅಧಿಕಾರ ಪಾಲಕರಾದ ಕೆಲವರದು. ‘ಎಲ್ಲರಿಗೂ ತೆರೆದ ಬಾಗಿಲು’ ಎಂಬ ಮಾತನ್ನು ಅಕ್ಷರಶಃ ನಂಬಿದವರು ಇಲ್ಲಿ ನಿರಾಶರಾಗುವುದುಂಟು. ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಪರೀಕ್ಷಕರಿರುತ್ತಾರೆ, ಅವರ ಮಾತು ಅನೇಕ ವೇಳೆ ಕಟುವಾಗಿರುತ್ತದೆ. ಒಪ್ಪದವರಿಗೆ ಕವಲೊಡೆಯುವ ಹಕ್ಕುಂಟು: ಓಪನ್‌ಆಫೀಸಿನಿಂದ ೨೦೧೦ರಲ್ಲಿ ಲಿಬ್ರೆಆಫೀಸು ಹುಟ್ಟಿದುದು ಹಾಗೆ.

ಈ ವ್ಯವಸ್ಥೆಯ ದುರ್ಬಲಸ್ಥಾನ ಬೇರೆಡೆಯಲ್ಲಿದೆ. ಲಕ್ಷಾಂತರ ಯಂತ್ರಗಳು ಆತುಕೊಂಡಿರುವ ತಂತ್ರಾಂಶವನ್ನು ಎಷ್ಟೋ ವೇಳೆ ಸಂಬಳವಿಲ್ಲದ ಒಬ್ಬನೇ ನೋಡಿಕೊಳ್ಳುತ್ತಿರುತ್ತಾನೆ. ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ದಣಿದ ಪಾಲಕನಿಗೆ ಸಹಾಯಕನಾಗಿ ಬಂದು ವಿಶ್ವಾಸ ಗಳಿಸಿದ ಅಜ್ಞಾತನೊಬ್ಬನು ಕಳ್ಳಬಾಗಿಲನ್ನು ಇಟ್ಟದ್ದು ೨೦೨೪ರ ಮಾರ್ಚಿನಲ್ಲಿ ಹೊರಬಿತ್ತು. ಯಂತ್ರಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಶಂಕಿಸಿ ಅದನ್ನು ಪತ್ತೆಹಚ್ಚಿದವನು ಆಂಡ್ರೇಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಮೂಲಸಂಕೇತವು ತೆರೆದಿದ್ದರಿಂದ ಅವನು ಜಾಡನ್ನು ಹಿಡಿದು ಹೋಗಬಲ್ಲವನಾದನು. ತೆರೆದಿದ್ದ ಮಾತ್ರಕ್ಕೆ ಬೇರೆ ಯಾರೂ ಓದಿರಲಿಲ್ಲ ಎಂಬುದೂ ಅಷ್ಟೇ ನಿಜ. ಕನ್ನಡದ ಕೆಲಸಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಬಿಡುಗಡೆಯ ಸಭೆಗೆ ಜನ ಸೇರುತ್ತಾರೆ. ಮರುವರ್ಷ ಒತ್ತಕ್ಷರದ ದೋಷವನ್ನು ತಿದ್ದುವವರು ಬೆರಳೆಣಿಕೆಯವರು. ಬಳಕೆದಾರರು ದೋಷವನ್ನು ಕಂಡು ಗೊಣಗುವರೇ ಹೊರತು ಇಂತಹ ಕಡೆ ಇಂತಹ ಅಕ್ಷರ ಕೆಟ್ಟಿದೆ ಎಂದು ಬರೆದು ತಿಳಿಸುವುದು ಅಪರೂಪ. ಸಂಕೇತವನ್ನು ಬರೆಯಲಾರದವರೂ ಇಷ್ಟನ್ನು ಮಾಡಬಲ್ಲರು.

ಹೊರನಾಡಿನ ಸಂಘಗಳಿಗೆ ತೀರ ಹತ್ತಿರದ ಕೆಲಸವೆಂದರೆ ಹಳೆಯ ಸಂಕೇತದಲ್ಲಿ ಉಳಿದಿರುವ ಸಂಚಿಕೆಗಳನ್ನೂ ಸ್ಮರಣಗ್ರಂಥಗಳನ್ನೂ ಯೂನಿಕೋಡಿಗೆ ತರುವುದು. ಇದಕ್ಕೆ ಬೇಕಾದ ಪರಿವರ್ತಕಗಳನ್ನು ಸ್ವಯಂಸೇವಕರು ಮೂಲಸಂಕೇತಸಹಿತವಾಗಿ ಬರೆದಿಟ್ಟಿದ್ದಾರೆ. ಆದರೆ ತುಂಡಿಗೆ ತುಂಡನ್ನು ಬದಲಿಸಿದರೆ ಸಾಲದು. ‘ಸೂರ್ಯ’ ಎಂಬಲ್ಲಿ ಹಳೆಯ ಪದ್ಧತಿಯು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಯಕಾರದ ಅನಂತರ ಇಡುತ್ತದೆ; ಯೂನಿಕೋಡು ಉಚ್ಚಾರಣೆಯಂತೆ ರೇಫವನ್ನು ಮೊದಲಿಡುತ್ತದೆ. ಪರಿವರ್ತಕವು ಅದನ್ನು ಎತ್ತಿ ಹಿಂದಕ್ಕೆ ಒಯ್ಯಬೇಕು. ‘ರ‍್ಯಾಂಕ್’ ಎಂಬಲ್ಲಿಯಾದರೋ ರಕಾರವನ್ನು ಪೂರ್ಣವಾಗಿ ಉಳಿಸಿ ಯಕಾರವನ್ನು ಒತ್ತಾಗಿಸಲು ಕಣ್ಣಿಗೆ ಕಾಣದ ಸಂಯೋಜಕ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕು. ಅದು ತಪ್ಪಿದರೆ ಅರ್ಕಾವೊತ್ತಿನ ರೂಪವೇ ಮೂಡುತ್ತದೆ. ಪರಿವರ್ತನೆಯಾದ ಮೇಲೆ ಕರಡನ್ನು ತಿದ್ದುವವರು ಮೊದಲು ನೋಡಬೇಕಾದುದು ಈ ಎರಡು ಸ್ಥಳಗಳನ್ನು.