ದತ್ತಸಂಚಯದ ಮಾನದಂಡ ಪರೀಕ್ಷೆ ಮತ್ತು ಷೆಡ್ಯೂಲರ್‌ಗಳ ತೌಲನಿಕ ವಿವೇಚನೆ

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ರೈತರ ಪಹಣಿಗಳು, ರಾಜ್ಯದ ಉಳಿದೆಡೆಗಳಂತೆಯೇ, 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯ ಮೂಲಕ ಗಣಕದ ದತ್ತಸಂಚಯವನ್ನು ಸೇರಿದವು. ಇಂತಹ ದತ್ತಸಂಚಯಕ್ಕೆ ಪಹಣಿ ನೀಡುವುದು ಓದುವ ಕೆಲಸ. ಖಾತೆ ಬದಲಾವಣೆ ಬರೆಯುವ ಕೆಲಸ. ಎರಡೂ ಏಕಕಾಲಕ್ಕೆ ಒಂದೇ ಡಿಸ್ಕನ್ನು ಬೇಡಿದಾಗ ಸರದಿಯನ್ನು ನಿರ್ಧರಿಸುವುದು ಕಾರ್ಯಾಚರಣ ವ್ಯವಸ್ಥೆಯ ಷೆಡ್ಯೂಲರ್ ಎಂಬ ಭಾಗ. ಇದರ ವಿವಿಧ ವಿಧಾನಗಳನ್ನು ಹೋಲಿಸುವ ಬಗೆಯನ್ನು ಲಿನಕ್ಸ್ ವ್ಯವಸ್ಥೆಯ ನಿದರ್ಶನದಿಂದ ಅರಿಯಬಹುದು.

ಲಿನಕ್ಸ್‌ನ 2.6 ಸರಣಿಯಲ್ಲಿ ಹಲವು ಷೆಡ್ಯೂಲರ್‌ಗಳು ಲಭ್ಯವಿದ್ದವು. ‘ಸಿಎಫ್‌ಕ್ಯೂ’ ಡಿಸ್ಕಿನ ಕಾಲವನ್ನು ಪ್ರಕ್ರಿಯೆಗಳಿಗೆ ಹಂಚುತ್ತಿತ್ತು. ‘ಡೆಡ್‌ಲೈನ್’ ಪ್ರತಿ ಕೋರಿಕೆಗೂ ಗಡುವು ವಿಧಿಸುತ್ತಿತ್ತು: ಓದಿಗೆ 500 ಮಿಲಿಸೆಕೆಂಡ್, ಬರಹಕ್ಕೆ 5 ಸೆಕೆಂಡ್. ‘ನೂಪ್’ ಬಂದ ಕೋರಿಕೆಗಳನ್ನು ಬಹುಮಟ್ಟಿಗೆ ಬಂದ ಕ್ರಮದಲ್ಲೇ ಕಳುಹಿಸುತ್ತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕಾಗುವುದರಿಂದ ಕೋರಿಕೆಗಳ ಕ್ರಮಕ್ಕೆ ಮಹತ್ತ್ವವಿತ್ತು.

ಹೋಲಿಕೆಗೆ ಪೋಸ್ಟ್‌ಗ್ರೆಸ್‌ನೊಡನೆ ದೊರೆಯುವ ‘ಪಿಜಿಬೆಂಚ್’ ನೆರವಾಗುತ್ತದೆ. ಅದರ ಮೂಲ ವ್ಯವಹಾರವೊಂದರಲ್ಲಿ ಮೂರು ತಿದ್ದುಪಡಿ, ಒಂದು ಓದು, ಒಂದು ಸೇರ್ಪಡೆ ಇರುತ್ತವೆ. ಪಹಣಿಯಂತೆ ಓದೇ ಹೆಚ್ಚಾಗಿರುವ ಕೆಲಸವನ್ನು ಇದು ಪ್ರತಿನಿಧಿಸದು. ಆದ್ದರಿಂದ ನೈಜ ಅನುಪಾತದ ವ್ಯವಹಾರಗಳನ್ನು ರಚಿಸಿಕೊಳ್ಳಬೇಕು. ದತ್ತಸಂಚಯವು ಗಣಕದ ಸ್ಮೃತಿಗಿಂತ ದೊಡ್ಡದಿರಬೇಕು; ಇಲ್ಲವಾದರೆ ಓದುಗಳು ಡಿಸ್ಕನ್ನು ಮುಟ್ಟುವುದೇ ಅಪರೂಪವಾಗಿ, ಷೆಡ್ಯೂಲರ್ ಪರೀಕ್ಷೆಗೆ ಒಳಪಡುವುದಿಲ್ಲ. ಪ್ರತಿ ಬಾರಿ ಒಂದೇ ಅಂಶವನ್ನು ಬದಲಿಸಿ, ಪರೀಕ್ಷೆಯನ್ನು ಹಲವು ಸಲ ಪುನರಾವರ್ತಿಸಬೇಕು.

ಫಲಿತಾಂಶದ ಸರಾಸರಿಯನ್ನಷ್ಟೇ ನೋಡುವುದು ಅಪಾಯಕರ. ಒಂದು ವಿಧಾನದಲ್ಲಿ ನೂರು ಕೋರಿಕೆಗಳ ಪೈಕಿ 99 ತಲಾ 10 ಮಿಲಿಸೆಕೆಂಡಿನಲ್ಲಿಯೂ ಒಂದು 5 ಸೆಕೆಂಡಿನಲ್ಲಿಯೂ ಮುಗಿದವೆನ್ನೋಣ. ಸರಾಸರಿ ಸುಮಾರು 60 ಮಿಲಿಸೆಕೆಂಡ್. ಇನ್ನೊಂದರಲ್ಲಿ ಎಲ್ಲವೂ ತಲಾ 100 ಮಿಲಿಸೆಕೆಂಡಿನಲ್ಲಿ ಮುಗಿದರೆ ಸರಾಸರಿಯಂತೆ ಮೊದಲನೆಯದೇ ಮೇಲು. ಆದರೆ ಒಂದು ಪಹಣಿಗೆ ಇಂತಹ ಅನೇಕ ಕೋರಿಕೆಗಳು ಬೇಕಾದಲ್ಲಿ, ಆ ಒಂದು ವಿಳಂಬವು ಕಿಟಕಿಯ ಮುಂದೆ ನಿಂತ ಹಲವರನ್ನು ತಟ್ಟುತ್ತದೆ. 1992ರಲ್ಲಿ ಅಂಗೀಕೃತವಾದ ‘ಟಿಪಿಸಿ-ಸಿ’ ಪರೀಕ್ಷೆಯು ಹೊಸ ಬೇಡಿಕೆಯ ವ್ಯವಹಾರಗಳಲ್ಲಿ ಶೇ. 90ರಷ್ಟಾದರೂ 5 ಸೆಕೆಂಡಿನೊಳಗೆ ಮುಗಿಯಬೇಕೆಂದು ವಿಧಿಸಿದುದು ಈ ಕಾರಣದಿಂದಲೇ ಗಮನಾರ್ಹ.

2019ರ ಲಿನಕ್ಸ್ 5.0 ಆವೃತ್ತಿಯಲ್ಲಿ ಸಿಎಫ್‌ಕ್ಯೂ ಕೈಬಿಡಲ್ಪಟ್ಟಿತು. ಚಲಿಸುವ ಭಾಗಗಳಿಲ್ಲದ ಎನ್‌ವಿಎಂಇ ಸಾಧನಗಳಲ್ಲಿ ಷೆಡ್ಯೂಲರ್ ಇಲ್ಲದಿರುವುದೇ ಎಷ್ಟೋ ವೇಳೆ ಸಮರ್ಪಕವೆನಿಸುತ್ತದೆ. ಆದುದರಿಂದ ಒಂದು ಯಂತ್ರದಲ್ಲಿ ದೊರೆತ ತೀರ್ಮಾನವನ್ನು ಮತ್ತೊಂದಕ್ಕೆ ನೇರವಾಗಿ ಅನ್ವಯಿಸಲಾಗದು. ಯಂತ್ರ ಬದಲಾದಾಗ ಅಳತೆಯನ್ನೂ ಹೊಸದಾಗಿ ಕೈಗೊಳ್ಳಬೇಕಾಗುತ್ತದೆ.