ಹಿತ್ತಲಲ್ಲಿ ಒಂದು ಮಡಿ ಕಾಯಿಪಲ್ಲೆ

ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲಿ ಎತ್ತ ನೋಡಿದರೂ ಕಬ್ಬು. ಆದರೆ ಆ ಕಬ್ಬಿನ ನಡುವೆ ಇರುವ ಎಷ್ಟೋ ಮನೆಗಳಿಗೆ ಕಾಯಿಪಲ್ಲೆ ಬರುವುದು ವಾರದ ಸಂತೆಯಿಂದ. ಸಂತೆಯಾದ ಎರಡು ದಿನ ತಾಟಿನಲ್ಲಿ ಹಸಿರು ಕಾಣುತ್ತದೆ. ಆಮೇಲೆ ರೊಟ್ಟಿ, ಬೇಳೆ, ಚಟ್ನಿ. ಇದನ್ನು ನಾವು ಸಣ್ಣ ಸಂಗತಿಯೆಂದು ಬಿಡುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವಾದರೂ ಊಟದಲ್ಲಿ ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದದ್ದು.

ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಅದು 2 ಕಿಲೋ ಆಯಿತು. ಅಷ್ಟನ್ನೂ ಹಿತ್ತಲಲ್ಲಿ ಬೆಳೆಯುತ್ತೇವೆಂದು ಹೊರಟವರ ತೋಟ ಎರಡೇ ತಿಂಗಳಲ್ಲಿ ಕಳೆಗೆ ತುತ್ತಾಗುತ್ತದೆ. ಆದುದರಿಂದ ಮೊದಲ ವರ್ಷ ಒಂದೇ ಮಡಿ ಸಾಕು. ಸಂತೆಯ ಸೊಪ್ಪು ಮುಗಿದ ದಿನಗಳಲ್ಲಿ ತಾಟು ಖಾಲಿಯಾಗದಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಜಾಗ: ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಕಡೆ 10 ಅಡಿ ಉದ್ದ, 4 ಅಡಿ ಅಗಲದ ಮಡಿ ಮಾಡೋಣ. ಅಗಲ ನಾಲ್ಕೇ ಅಡಿ ಏಕೆಂದರೆ, ಎರಡೂ ಬದಿಯಿಂದ ಕೈ ನಿಲುಕಬೇಕು. ಮಡಿಯೊಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗಿ ಬೇರು ಇಳಿಯುವುದಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಪಕ್ಕದ ಸಣ್ಣ ಮನೆಗಳಲ್ಲಿ ಇರುವವರಿಗೆ ಹಿತ್ತಲೇ ಇರುವುದಿಲ್ಲ. ಅವರು ಮಾಳಿಗೆಯ ಮೇಲೆ ಹಳೆಯ ಬಕೆಟ್ಟು, ಗೊಬ್ಬರ ಮಣ್ಣು ತುಂಬಿದ ಚೀಲಗಳನ್ನು ಇಡಬಹುದು. ಸೊಪ್ಪಿಗೆ ಅರ್ಧ ಅಡಿ, ಬದನೆ-ಟೊಮೆಟೊಗಳಿಗೆ ಒಂದು ಅಡಿ ಆಳದ ಮಣ್ಣು ಬೇಕು. ತಳಕ್ಕೆ ತೂತು ಇರಲೇಬೇಕು. ಬಣ್ಣ ಅಥವಾ ರಾಸಾಯನಿಕ ತುಂಬಿ ಬಂದಿದ್ದ ಡ್ರಮ್ಮು, ಕ್ಯಾನುಗಳು ಮಾತ್ರ ಬೇಡ.

ಮಣ್ಣು: ಇಚಲಕರಂಜಿ, ಶಿರೋಳ ಕಡೆಯ ಎರೆಮಣ್ಣು ನೀರನ್ನು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಬೇರು ಕೊಳೆಯದಂತೆ ಅಲ್ಲಿ ಮಡಿಯನ್ನು ಅರ್ಧ ಅಡಿ ಎತ್ತರಿಸಬೇಕು. ಗಡಹಿಂಗ್ಲಜದ ಕೆಂಪು ಮಣ್ಣು ಬೇಗ ಒಣಗುತ್ತದೆ. ಅದಕ್ಕೆ ಗೊಬ್ಬರ ಹೆಚ್ಚು ಬೇಕು, ಮೇಲೆ ಕಬ್ಬಿನ ರವದಿಯ ಹೊದಿಕೆ ಬೇಕು. ಎರಡಕ್ಕೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ನಾಲ್ಕೈದು ಬುಟ್ಟಿ ಬೆರೆಸೋಣ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ.

ನೀರು: ಇಷ್ಟು ಮಡಿಗೆ ಒಣ ದಿನಗಳಲ್ಲಿ ದಿನಕ್ಕೆ ಸುಮಾರು 20 ಲೀಟರ್ ಸಾಕು. ಗಟಾರದ ನೀರಾಗಲಿ, ಬಣ್ಣದ ಕಾರ್ಖಾನೆಯ ನೀರು ಸೇರುವ ನಾಲೆಯ ನೀರಾಗಲಿ ಸೊಪ್ಪಿಗೆ ಖಂಡಿತ ಬೇಡ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಪ್ರಾಣಹಾನಿಯಾದದ್ದನ್ನು ನಾವು ಮರೆಯುವಂತಿಲ್ಲ. ಕೊಳಚೆ ಬೆರೆತ ನೀರಿನಿಂದ ಬರುವ ರೋಗವದು. ಬಚ್ಚಲ ನೀರನ್ನು ಬಾಳೆಗಿಡದ ಬುಡಕ್ಕೆ ಬಿಡೋಣ. 2019 ಮತ್ತು 2021ರಲ್ಲಿ ಬಂದಂಥ ಮಹಾಪೂರದ ನೀರು ಹಿತ್ತಲಲ್ಲಿ ನಿಂತುಹೋದರೆ, ಆಗ ಅಲ್ಲಿದ್ದ ಸೊಪ್ಪನ್ನು ಕಿತ್ತು ತಿಪ್ಪೆಗೆ ಹಾಕುವುದೇ ಕ್ಷೇಮ.

ಬಿತ್ತನೆ: ಹೊಸಬರು ಜೂನ್ ತಿಂಗಳಲ್ಲಿ ಆರಂಭಿಸುವುದಕ್ಕಿಂತ ಮಳೆ ಹಿಂದೆಗೆದ ಮೇಲೆ, ಅಕ್ಟೋಬರದಲ್ಲಿ ಆರಂಭಿಸುವುದು ಒಳ್ಳೆಯದು. ಆಗ ರೋಗ ಕಡಿಮೆ, ಕಳೆಯೂ ಕಡಿಮೆ. ಮಡಿಯ ಅರ್ಧ ಭಾಗವನ್ನು ಸೊಪ್ಪಿಗೆ ಬಿಟ್ಟು ಅದನ್ನು ಮೂರು ಪಾಲು ಮಾಡೋಣ. ಮೊದಲ ಪಾಲಿಗೆ ಇಂದು ಮೆಂತೆ ಬಿತ್ತಿದರೆ, ಎರಡನೆಯದಕ್ಕೆ ಹತ್ತು ದಿನ ಬಿಟ್ಟು ಪಾಲಕ, ಮೂರನೆಯದಕ್ಕೆ ಮತ್ತೆ ಹತ್ತು ದಿನ ಬಿಟ್ಟು ರಾಜಗಿರಿ. ಮೆಂತೆ 25-30 ದಿನಕ್ಕೆ ಕೈಗೆ ಬರುತ್ತದೆ. ಕಿತ್ತ ಜಾಗದಲ್ಲಿ ಕೂಡಲೇ ಬೇರೆ ಸೊಪ್ಪಿನ ಬೀಜ ಬೀಳಬೇಕು. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹಬ್ಬ, ಮುಂದೆ ಉಪವಾಸ.

ಉಳಿದ ಅರ್ಧದಲ್ಲಿ ಎರಡೆರಡು ಅಡಿ ಅಂತರಕ್ಕೆ ಮೂರು ಬದನೆ, ಎರಡು ಟೊಮೆಟೊ ಸಾಕು. ಬೇಲಿಗೆ ಮಳೆಗಾಲದ ಆರಂಭದಲ್ಲಿ ಹೀರೆ ಅಥವಾ ಹಾಗಲ ಹಬ್ಬಿಸಬಹುದು. ಮೂಲೆಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು ಇದ್ದರೆ ವರ್ಷವಿಡೀ ಅಡುಗೆಗೆ ಆಧಾರ. ಹೇನಿನ ಕಾಟಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಹೊತ್ತಿಗೆ ಸಿಂಪಡಿಸಬೇಕು.

ತಾಟಿಗೆ: ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ಆಮೇಲೆ ಹೆಚ್ಚಬೇಕು. ಊಟದಲ್ಲಿ ನಿಂಬೆಹುಳಿ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹತ್ತುತ್ತದೆ; ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಹಾಗಾಗಿ ಚಹಾವನ್ನು ಒಂದು ತಾಸು ತಡವಾಗಿ ಕುಡಿಯೋಣ. ರಕ್ತಹೀನತೆ ಇದೆಯೆಂದು ವೈದ್ಯರು ಹೇಳಿದವರು, ಅದರಲ್ಲೂ ಗರ್ಭಿಣಿಯರು, ಸೊಪ್ಪು ತಿನ್ನುತ್ತೇವೆಂದು ಕಬ್ಬಿಣದ ಗುಳಿಗೆಯನ್ನು ಬಿಡಬಾರದು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಪಾಲಿಗೂ ಪಲ್ಯ ಉಳಿದಿದೆಯೇ ಎಂಬುದನ್ನು ನೋಡುವುದು ನಮ್ಮೆಲ್ಲರ ಹೊಣೆ.